ಬೋರ್ಡಿನ ಮೇಲಿನ ಗಂಡುಮಕ್ಕಳು

ಬ್ಯಾಗ್ ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ಮಾವನ ಹೆಸರಿತ್ತು, ಪಕ್ಕದಲ್ಲಿ ‘ಅಂಡ್ ಸನ್ಸ್’ ಎಂದೂ ಇತ್ತು. ಆ ಸನ್ಸ್ ಇಬ್ಬರೂ ಸೂಜಿಗೆ ದಾರ ಪೋಣಿಸಿದವರಲ್ಲ. ಹಿರಿಯವನು ಬ್ಯಾಂಕಿನಲ್ಲಿದ್ದ, ಕಿರಿಯವನು ವಿಮಾ ಕಚೇರಿಯಲ್ಲಿ. ಮಾವ ಗಲ್ಲಾದ ಹಿಂದೆ ಪೇಪರ್ ಓದುತ್ತಿದ್ದರು. ಕೆಲಸವೆಲ್ಲ ಒಳಕೋಣೆಯಲ್ಲಿ. ಅತ್ತೆ ಮೆಷಿನ್ ತುಳಿಯುತ್ತಿದ್ದರು. ಮದುವೆಯಾಗಿ ಬಂದ ವರ್ಷವೇ ಕೆಲಸಕ್ಕೆ ಕೂತ ಸೊಸೆ ಕೆಟ್ಟ ಜಿಪ್ಪುಗಳನ್ನು ಬಿಚ್ಚಿ ಹೊಸದು ಕೂರಿಸುತ್ತಿದ್ದಳು. ನಡುವೆ ಕುಕ್ಕರ್ ಕೂಗಿದರೆ ಯಾರ ಕೈ ಖಾಲಿಯೋ ಅವರು ಎದ್ದು ಹೋಗಬೇಕು. ಗಲ್ಲಾದ ಮೇಲಿನ ಕೈ ಮಾತ್ರ ಎಂದೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ದೂರದೂರುಗಳಿಂದ ಕೊರಿಯರಿನಲ್ಲಿ ಬ್ಯಾಗ್ ತರಿಸಿ, ಹೊಲಿದು ಕಳಿಸುವ ಯೋಚನೆ ಸೊಸೆಯದು. ವೆಬ್‌ಸೈಟ್ ಮಾಡುವುದನ್ನೂ ಅವಳೇ ಕಲಿತಳು. ಅದಕ್ಕೆ ಹೆಸರಿಡುವ ಹೊತ್ತಿಗೆ ಮಾತ್ರ ಮನೆಯ ಗಂಡಸರೆಲ್ಲ ಬಿಡುವು ಮಾಡಿಕೊಂಡು ಬಂದು ಕೂತರು.

“ಬೋರ್ಡಲ್ಲಿ ಇರೋದನ್ನೇ ಹಾಕು. ಕೊನೆಗೊಂದು ಡಾಟ್ ಕಾಮ್ ಸೇರಿಸಿದ್ರಾಯ್ತು,” ಅಂದ ಗಂಡ.

“ಇನಿಷಿಯಲ್ಲು, ಹೆಸರು, ಮನೆತನ, ಸನ್ಸು! ಅಷ್ಟನ್ನೂ ಟೈಪ್ ಮಾಡೋದ್ರೊಳಗೆ ಇನ್ನೊಂದು ಜಿಪ್ ಕಿತ್ತೋಗುತ್ತೆ ಕಣ್ರೀ. ಚಿಕ್ಕದಿರಬೇಕು, ಒಂದ್ಸಲ ಕೇಳಿದ್ರೆ ಮರೀಬಾರ್ದು. ‘ಅತ್ತೆಸೊಸೆ’ ಅಂತ ಇಡೋಣ.”

ಮೈದುನ ಬಿದ್ದೂ ಬಿದ್ದೂ ನಕ್ಕ. “ಅತ್ತಿಗೆ, ಜಗಳ ಬಿಡಿಸೋ ಅಂಗಡಿ ಅಂದ್ಕೋತಾರೆ!”

ಮಾವ ನಗಲಿಲ್ಲ. “ನನ್ನ ಹೆಸರಿಲ್ದೆ ಈ ಅಂಗಡಿ ಯಾರಿಗಮ್ಮ ಗೊತ್ತು? ಬೇಕಾದ್ರೆ ಗಿರಾಕಿಗಳನ್ನೇ ಕೇಳು.”

ಹೊಸ ಜಾಗದಲ್ಲೂ ಸನ್ಸ್ ಬಂದು ಕೂತರೆ ತಾವಿಬ್ಬರೂ ಇಲ್ಲೂ ಇಲ್ಲ, ಅಲ್ಲೂ ಇಲ್ಲ ಎಂಬುದು ಸೊಸೆಗೆ ಗೊತ್ತಿತ್ತು. ಹಾಗಾಗಿ ಕೇಳಿಯೇಬಿಟ್ಟಳು. ಬ್ಯಾಗ್ ಒಯ್ಯಲು ಬಂದವರಿಗೆಲ್ಲ, ಮಾವನ ಎದುರಿಗೇ, ಒಂದೇ ಪ್ರಶ್ನೆ: “ನಮ್ಮ ನಂಬರ್ ಯಾವ ಹೆಸರಲ್ಲಿ ಸೇವ್ ಮಾಡ್ಕೊಂಡಿದ್ದೀರಾ? ಸ್ವಲ್ಪ ತೋರಿಸಿ.”

ಟೀಚರ್ ಫೋನಿನಲ್ಲಿ ‘ಅತ್ತೆ ಸೊಸೆ ಜಿಪ್’. ನರ್ಸ್ ಫೋನಿನಲ್ಲಿ ‘ಬ್ಯಾಗ್ ಅತ್ತೆ ಸೊಸೆ’. ಬಸ್ ಡ್ರೈವರ್ ಬರೀ ‘ಹೊಲಿಗೆ ಅತ್ತೆ’ ಎಂದು ಬರೆದುಕೊಂಡು ಸೊಸೆಯನ್ನು ಬಿಟ್ಟೇಬಿಟ್ಟಿದ್ದ. ಅತ್ತೆ ಒಳಗಿಂದಲೇ ಕಿಸಕ್ಕನೆ ನಕ್ಕರು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ, ಪುಟವನ್ನೂ ತಿರುಗಿಸಲಿಲ್ಲ.

ಶನಿವಾರ ಮೈದುನನ ಆಫೀಸಿನ ಗೆಳೆಯ ಬಂದ. “ತೋರಿಸೋ, ನಮ್ಮಪ್ಪನ ಹೆಸರೇ ತಾನೆ?” ಎಂದು ಮೈದುನ ಅವನ ಭುಜ ತಟ್ಟಿದ. ಗೆಳೆಯ ಫೋನ್ ತಿರುಗಿಸಿದ. ‘ಅತ್ತೆಸೊಸೆ’.

“ನಾನೆಲ್ಲೋ ಬರ್ಕೊಂಡೆ? ನಂಬರ್ ಕಳಿಸಿದ್ದೇ ನೀನು. ನಿನ್ನ ಫೋನಿಂದ ಹೀಗೇ ಬಂತು!”

ಮೈದುನ ಇಂಗು ತಿಂದ ಮಂಗನಂತೆ ನಿಂತ. ಒಳಗೆ ಮೆಷಿನ್ ನಿಂತಿತು. ಅತ್ತೆ ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು ಹೊರಗೆ ಬಂದರು.

“ಇನ್ನೂ ಯಾರನ್ನ ಕೇಳ್ತೀಯೇ? ವೆಬ್‌ಸೈಟಿಗೆ ಆ ಹೆಸರನ್ನೇ ಕೊಂಡುಬಿಡು. ಬೇರೆ ಯಾರಾದ್ರೂ ಹಾರಿಸ್ಕೊಂಡು ಹೋದಾರು.”

ಸೊಸೆ ನಿಂತಲ್ಲೇ ಕೊಂಡಳು. ಇಂಗ್ಲಿಷಿನಲ್ಲಿ ಯಾರು ಹೇಗೆ ಬರೆದರೂ ದಾರಿ ತಪ್ಪದಿರಲಿ ಎಂದು ಎರಡು ಸ್ಪೆಲ್ಲಿಂಗಿನಲ್ಲಿ ಕೊಂಡಳು.

“ಬೋರ್ಡ್ ಮಾತ್ರ ಮುಟ್ಟಕೂಡದು,” ಅಂದರು ಮಾವ.

“ಬೋರ್ಡು ನಿಮ್ದೇ ಇರ್ಲಿ ಬಿಡ್ರೀ,” ಅಂದರು ಅತ್ತೆ. “ಒರೆಸೋದೂ ನೀವೇ.”

ಈಗ ಒಳಕೋಣೆಯಲ್ಲಿ ಎರಡು ಮೆಷಿನ್. ಗೋಡೆಯುದ್ದಕ್ಕೂ ಎಲ್ಲೆಲ್ಲಿಂದಲೋ ಬಂದ ಸೂಟ್‌ಕೇಸುಗಳು. ಮೊನ್ನೆ ಕೊರಿಯರಿನವನು ಬಂದು, “ಅತ್ತೆಸೊಸೆ ಡಾಟ್ ಕಾಮ್ ಇದೇನಾ?” ಎಂದು ಕೂಗಿದ. ಸ್ಟೂಲ್ ಮೇಲೆ ನಿಂತು ‘ಸನ್ಸ್’ ಒರೆಸುತ್ತಿದ್ದ ಮಾವ, “ಇದೇ ಕಣಪ್ಪ. ಇಬ್ರೂ ಕೆಲಸದಲ್ಲಿದ್ದಾರೆ, ನಾನೇ ಸೈನ್ ಹಾಕ್ತೀನಿ,” ಅಂದರು.

ಅಷ್ಟರಲ್ಲಿ ಕುಕ್ಕರ್ ಕೂಗಿತು. ಒಳಗೆ ಎರಡು ಮೆಷಿನ್‌ಗಳೂ ಓಡುತ್ತಲೇ ಇದ್ದವು. ಮಾವ ಸ್ಟೂಲಿನಿಂದ ಇಳಿದರು.