ಫೋಟೋದ ಅಂಚಿನಲ್ಲಿ ನಾಲ್ಕು ಬೆರಳು

ಆಗೆಲ್ಲ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ದಿನ ಎಣಿಸುತ್ತಿದ್ದುದೇ ನಳ ಬಂದ ದಿನದಿಂದ. ಎಂಟು ದಿನಕ್ಕೊಮ್ಮೆ ನೀರು. ನಾನು ಮೂರನೇ ಇಯತ್ತೆಯಲ್ಲಿದ್ದ ಬೇಸಿಗೆಯಲ್ಲಿ ಹನ್ನೆರಡು ದಿನವಾದರೂ ನಳ ಬರಲಿಲ್ಲ. ಕೊಡದ ತಳದ ನೀರಿಗೆ ತಾಮ್ರದ ವಾಸನೆ ಹತ್ತಿತ್ತು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಓಣಿಯವರು ಪೇಪರಿನ ಫೋಟೋದವನನ್ನು ಕರೆಸಿದರು.

ಫೋಟೋ ಎಂದರೆ ಮದುವೆಯದು ಎಂದಷ್ಟೇ ಗೊತ್ತಿದ್ದ ಕಾಲ. ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟು, ಪೌಡರ್ ಬಳಿದು, ಮಲ್ಲಿಗೆ ಮುಡಿದು, ಬೂದಿಯಿಂದ ತಿಕ್ಕಿ ಹೊಳೆಸಿದ ಖಾಲಿ ಕೊಡ ಹಿಡಿದು ನಿಂತರು.

"ಅಕ್ಕಾರ, ಹಿಂಗ ನಿಂತ್ರ ಬಸರಿ ಹೆಂಗಸಿನ ಕುಬಸದ ಫೋಟೋ ಆಕ್ಕೈತಿ. ನೀರಿಲ್ಲ ಅಂದ್ರ ಯಾರ್ ನಂಬ್ತಾರ್ರಿ?" ಎಂದು ಫೋಟೋದವನು ತಲೆ ಕೆರೆದುಕೊಂಡ.

ಕೊನೆಗೆ ಕುಂಟಬಿಲ್ಲೆ ಆಡುತ್ತಿದ್ದ ನನ್ನ ಮೇಲೆ ಅವನ ಕಣ್ಣು ಬಿತ್ತು. ನಳದ ಕೆಳಗೆ ಕೊಡ ಇಟ್ಟು ನನ್ನನ್ನು ನಿಲ್ಲಿಸಿದ. "ನನ್ನ ಫೋಟೋ ತಗೀಬ್ಯಾಡ್ರಿ" ಎಂದು ನನ್ನ ಹತ್ತಿರವೇ ಇದ್ದ ಅಜ್ಜಿ ಪಕ್ಕಕ್ಕೆ ಸರಿದಳು. ಎದುರಿನ ಪೌಡರ್ ಮುಖಗಳನ್ನು ನೋಡಿ ನನಗೋ ತಡೆಯಲಾರದ ನಗು. ಅಜ್ಜಿ ನನ್ನ ರಟ್ಟೆ ಹಿಡಿದು ಚಿವುಟಿದಳು. ನನ್ನ ಕಣ್ಣಲ್ಲಿ ನೀರು ಬಂದದ್ದೂ ಅವನು ಫೋಟೋ ಹೊಡೆದದ್ದೂ ಒಟ್ಟಿಗೇ ಆಯಿತು.

ಮರುದಿನ ಅಪ್ಪ ದುರ್ಗದಬೈಲಿನಿಂದ ಪೇಪರ್ ತಂದ. ಖಾಲಿ ಕೊಡ, ಅಳುವ ನಾನು. ಕೆಳಗೆ 'ನೀರಿಗಾಗಿ ಕಣ್ಣೀರು'. ತಿರುಗಿಸಿ ತಿರುಗಿಸಿ ನೋಡಿದೆ. ನನಗೇ ನನ್ನ ಮೇಲೆ ಅಯ್ಯೋ ಅನ್ನಿಸಿತು! ಸಂಜೆ ಅದೇ ಪೇಪರ್ ಹಿಡಿದು ನೀರಿನ ಕಚೇರಿಯ ಸಾಹೇಬರು ಬಂದರು.

"ಭಾಳ ನೀರಡಿಕಿ ಆಗಿತ್ತೇನವಾ?"

ಅಜ್ಜಿಯ ಕಡೆ ನೋಡಿದೆ. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಇಡೀ ಓಣಿ ನನ್ನ ಬಾಯಿ ನೋಡುತ್ತಿತ್ತು. ಹೂಂ ಎಂದೆ. ಬೆಳಗಾಗುವಷ್ಟರಲ್ಲಿ ನಳ ಬಂತು.

"ಅಜ್ಜೀ, ಅದು ಸುಳ್ಳಲ್ಲೇನ?" ಎಂದು ಕೇಳಿದೆ.

"ಹನ್ನೆರಡು ದಿನ ನೀರಿಲ್ಲದ್ದು ಖರೇ ಇತ್ತಲ್ಲ. ಆವಾಗ ಒಬ್ಬ ಸಾಹೇಬರಾದ್ರೂ ಬಂದ್ರೇನು?"

ಉತ್ತರ ಸರಿಯೆನಿಸಿತು, ಪೂರ್ತಿಯಾಗಿ ಅಲ್ಲ. ಇಂದಿಗೂ ಪೇಪರಿನಲ್ಲಿ ಅಳುವ ಮುಖ ಕಂಡರೆ, ಫೋಟೋದ ಆಚೆ ಯಾರು ನಿಂತಿದ್ದರೋ ಎಂದು ಯೋಚಿಸುತ್ತೇನೆ.

ಈಗ ನವನಗರದ ನನ್ನ ಮನೆಯಲ್ಲಿ ಬೇಕೆಂದಾಗ ನೀರು. ಆ ಪೇಪರ್ ತುಣುಕಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅಂಚಿನಲ್ಲಿ, ನನ್ನ ರಟ್ಟೆಯ ಮೇಲೆ ನಾಲ್ಕು ಬೆರಳು. "ಪಾಪ, ಎಷ್ಟ್ ಸಮಾಧಾನ ಮಾಡಾಕತ್ತಾರ ನೋಡ್ರಿ" ಎನ್ನುತ್ತಾರೆ ಮನೆಗೆ ಬಂದವರು. ತೀರಿಹೋದ ಅಜ್ಜಿಯದೆಂದು ನಮ್ಮಲ್ಲಿರುವ ಫೋಟೋ ಇದೊಂದೇ. ಚಿವುಟುತ್ತಲೇ ತಾನೂ ತುಟಿ ಕಚ್ಚಿ ನಗು ತಡೆದುಕೊಂಡಿದ್ದ ಅವಳ ಮುಖ ಅಂಚಿನಾಚೆ ಉಳಿಯಿತು. ಆ ಮುಖವನ್ನು ಇನ್ನೊಮ್ಮೆ ನೋಡಬೇಕೆಂದು ಜೀವ ಹಂಬಲಿಸುತ್ತದೆ. ಅದು ಫೋಟೋದಲ್ಲಿ ಬಂದಿದ್ದರೆ ನಮ್ಮ ಓಣಿಗೆ ನೀರು ಬರುತ್ತಿರಲಿಲ್ಲ.