ಕೂಡದ ಗುಂಡಿ

ಬಹರೈನಿನ ನಮ್ಮ ಸಂಘದಲ್ಲಿ, ಯಾರಿಗೆ ಹಣದ ನೆರವು ಕೊಡಬೇಕೆಂದು ತೀರ್ಮಾನಿಸುವ ಸಭೆಗೆ ಹೋಗುವ ಅಂಗವಿಕಲರಿಗೆ ಉಮ್ ಅಲ್ ಹಸ್ಸಮ್ ಬಡಾವಣೆಯ ಒಬ್ಬ ನರ್ಸ್ ಅಳುವುದನ್ನು ಕಲಿಸುತ್ತಾರೆಂಬ ಮಾತಿತ್ತು. ನಾನು ನಂಬಲಿಲ್ಲ; ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಿ ಕುಳಿತು ನೋಡಿದೆ.

ಅಂದು ಬಂದವರು ಬಲಗೈ ಸ್ವಾಧೀನ ತಪ್ಪಿದ ಒಬ್ಬ ವೆಲ್ಡರ್ ಮತ್ತು ಅವರ ಹೆಂಡತಿ. ಸಹಾಯಕನನ್ನಿಡಲು ನೆರವು ಸಿಗದಿದ್ದರೆ ಹೆಂಡತಿ ಕೆಲಸ ಬಿಡಬೇಕಿತ್ತು.

"ನಂಗೆ ಎಂತ ತೊಂದರೆಯೂ ಇಲ್ಲ ಸಿಸ್ಟರ್," ಎಂದರು ವೆಲ್ಡರ್.

"ಒಳ್ಳೆ ದಿನದ್ದು ಬೇಡ ಮಾರಾಯ್ರೆ, ಕೆಟ್ಟ ದಿನದ್ದು ಹೇಳಿ." ನರ್ಸ್ ಎಲ್ಲರಿಗೂ ಹೇಳುತ್ತಿದ್ದುದು ಇದನ್ನೇ. "ಅಂಗಿಯ ಗುಂಡಿ ಹಾಕಿದ್ದು ಯಾರು?"

"ನಾನೇ."

ನರ್ಸ್ ಅವರ ಅಂಗಿಯ ಒಂದು ಗುಂಡಿ ಬಿಚ್ಚಿ, ಹಾಕಿಕೊಳ್ಳಿ ಎಂದರು. ಹೆಂಡತಿ ಕೈ ಚಾಚಿದಾಗ ತಡೆದರು. ಗುಂಡಿ ಕೂಡಲಿಲ್ಲ. ಯಾರೂ ಅಳಲಿಲ್ಲ.

ಮರುದಿನ ಸಭೆಯಲ್ಲಿ "ಹೇಗಿದ್ದೀರಿ?" ಎಂದ ಅಧ್ಯಕ್ಷರ ಮುಂದೆ ವೆಲ್ಡರ್ ತಾವೇ ಆ ಗುಂಡಿಯನ್ನು ಬಿಚ್ಚಿದರು.