ಮಂಗಸೂಳಿಯ ಬಯಲಿನಲ್ಲಿ ಚಂದ್ರಿಯ ಓಟ

ಜನವರಿಯ ಒಂದು ರವಿವಾರ ಬೆಳಿಗ್ಗೆ ಏಳಕ್ಕೆ ನಾನು ಮತ್ತು ಅಪ್ಪ ಅಲಖನೂರಿನಲ್ಲಿ ರಾಯಬಾಗದ ಬಸ್ಸು ಹತ್ತಿದೆವು. ನಮ್ಮ ಕುದುರೆ ಚಂದ್ರಿ ಸ್ವಲ್ಪ ಮೊದಲೇ ಪಿಕಪ್ ಗಾಡಿಯಲ್ಲಿ ಹೊರಟಿದ್ದಳು. ಮಂಗಸೂಳಿಯ ಹತ್ತಿರ ಅಂದು ಕುದುರೆ ಗಾಡಿಗಳ ಓಟದ ಶರ್ಯತ್ತು. ಇಂಥ ಶರ್ಯತ್ತುಗಳಲ್ಲಿ ಮೂವತ್ತು ವರ್ಷ ಗಾಡಿ ಹೊಡೆದ ಅಪ್ಪನಿಗೆ ಈಗ ಎರಡು ವರ್ಷದಿಂದ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೋದ ನೋಟ ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಹಿಂದಿನ ತಿಂಗಳು ಅಪ್ಪ ಚಂದ್ರಿಗೆ ನೀರು ಕುಡಿಸಲು ಹೋಗಿ ಕಾಲುವೆಗೆ ಬಿದ್ದ. ಆಮೇಲೆಯೇ ಅಥಣಿ ಕಡೆಯ ಸಿದ್ರಾಮ ಎಂಬ ಗಾಡಿ ಹೊಡೆಯುವವನ ಜೊತೆ ಮಾತಾಯಿತು. ಚಂದ್ರಿ ಅವನ ದನಿಗೆ ಓಡಿದರೆ ಅವನ ಮನೆಗೆ, ಓಡದಿದ್ದರೆ ಅದೇ ಪಿಕಪ್‌ನಲ್ಲಿ ವಾಪಸು ನಮ್ಮ ಕೊಟ್ಟಿಗೆಗೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಇದೇ ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎ. ಮುಗಿಸಿದೆ, ಬಿ.ಎಡ್. ಮುಗಿಸಿದೆ, ಈಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಮನೆಯಲ್ಲಿ ಲಗಾಮು ಹಿಡಿಯಲು ಬಾರದವಳೂ ನಾನೊಬ್ಬಳೇ. ಆ ದಿನ ನನ್ನ ಕೆಲಸ, ಅಪ್ಪನಿಗೆ ಕಾಣದ್ದನ್ನು ನೋಡಿ ಹೇಳುವುದು.

ನನಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್. ಅಪ್ಪ ಕಿಸೆ ತಡಕುವುದನ್ನು ನೋಡಿ ಕಂಡಕ್ಟರ್ ನಕ್ಕ. “ಮುಂದಿನ ಜನ್ಮಕ್ಕ ನೀವೂ ಹೆಣ್ಣಾಗಿ ಹುಟ್ರಿ ಯಜಮಾನ್ರ.”

“ಕುದುರಿಯಾಗಿ ಹುಟ್ತೀನಿ ಬಿಡಪಾ,” ಎಂದ ಅಪ್ಪ. “ನಮ್ಮಾಕಿ ಇವತ್ತ ಸ್ಪೆಷಲ್ ಗಾಡಿ ಮಾಡ್ಕೊಂಡು ಹೋಗ್ಯಾಳ.”

ರಾಯಬಾಗದಲ್ಲಿ ಬಸ್ಸು ಬದಲಿಸಿದೆವು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಕುಡಚಿ ದಾಟಿದೆವು, ಹೊಳೆಯ ಸೇತುವೆ ದಾಟಿದೆವು. ಉಗಾರಕ್ಕೆ ಬರುವಷ್ಟರಲ್ಲಿ ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ಮಂಗಸೂಳಿಯಲ್ಲಿ ಇಳಿದು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಜನರ ಹಿಂದೆ ನಡೆದೆವು. ಧೂಳೇ ದಾರಿ ತೋರಿಸುತ್ತಿತ್ತು.

ಕಟಾವು ಮುಗಿದ ಹೊಲಗಳ ನಡುವಿನ ಮಣ್ಣಿನ ದಾರಿಯೇ ಶರ್ಯತ್ತಿನ ದಾರಿ. ದೂರದ ಕೆಂಪು ಬಾವುಟ ಸುತ್ತಿ ಮರಳಿ ಬರಬೇಕು. ಮೊದಲಿಗೆ ಒಂದು ಕುದುರೆ, ಒಂದು ಎತ್ತು ಜೋಡಿಸಿ ಕಟ್ಟಿದ ಗಾಡಿಗಳು ಓಡಿದವು. ಮೈಕಿನವನು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದ. “ದಾರಿ ಬಿಡ್ರೋ! ಬಾಜೂಲಾ ವ್ಹಾ!” ಒಂದು ಗಾಡಿಯ ಎತ್ತು ನಡುವೆಯೇ ಅಂಚಿನಲ್ಲಿ ಉಳಿದಿದ್ದ ಕಬ್ಬಿನ ಕಡೆ ತಿರುಗಿತು. “ಅಳಿಯ ಉಣ್ಣಾಕ ಹೊಂಟ, ಸೊಸಿ ಓಡಾಕತ್ತಾಳ!” ಎಂದು ಯಾರೋ ಕೂಗಿದರು. ನಡೆದದ್ದನ್ನು ನಾನು ಹೇಳಿದಾಗ ಅಪ್ಪನೂ ನಕ್ಕ. ಅಂದು ಅವನು ನಕ್ಕದ್ದು ಅದೇ ಕೊನೆ.

ಆಮೇಲೆ ಒಂಟಿ ಕುದುರೆಯ ಗಾಡಿಗಳ ಸರದಿ. ಓಟಕ್ಕೆ ಮೊದಲು ಎಲ್ಲರೂ ಸ್ವಲ್ಪ ದೂರ ಓಡಿಸಿ ಕುದುರೆಯ ಮೈ ಬಿಸಿ ಮಾಡುತ್ತಿದ್ದರು. ಸಿದ್ರಾಮ ಚಂದ್ರಿಯನ್ನು ಕಟ್ಟಿದ ಗಾಡಿ ಹತ್ತಿ ಲಗಾಮು ಅಲುಗಿಸಿದ, ಕೂಗಿದ, ಬಾಯಲ್ಲಿ ಚಪ್ಪರಿಸಿದ. ಚಂದ್ರಿ ಕದಲಲಿಲ್ಲ.

“ಕುದುರಿ ಕಟ್ಟೀಯೋ, ಗ್ವಾಡಿ ಕಟ್ಟೀಯೋ?” ಎಂದು ಜನ ಆಡಿಕೊಂಡರು.

“ಏನ್ ಮಾಡಾಕತ್ತಾಳ?” ಅಪ್ಪ ಕೇಳಿದ.

“ನಿಂತಾಳ ಅಪ್ಪಾ. ಕುತ್ತಿಗಿ ಈ ಕಡೆ ತಿರುವ್ಯಾಳ. ನಿನ್ನs ನೋಡಾಕತ್ತಾಳ.”

ಅಪ್ಪನ ಮುಖ ಅರಳಿತು. ಅವನು ಏನೂ ಮಾಡಬೇಕಾಗಿರಲಿಲ್ಲ. ಅಲ್ಲೇ ನಿಂತಿದ್ದರೆ ಸಾಕಿತ್ತು, ಸಂಜೆಗೆ ಚಂದ್ರಿ ನಮ್ಮ ಕೊಟ್ಟಿಗೆಯಲ್ಲಿರುತ್ತಿದ್ದಳು. ನಾನೂ ಅಲ್ಲಿಂದ ಕದಲಲಿಲ್ಲ. ಚಂದ್ರಿ ಮೂಗಿನಿಂದ ಒಮ್ಮೆ ಉಸಿರು ಬಿಟ್ಟಳು. ಅದು ಅಪ್ಪನಿಗೆ ಕೇಳಿಸಿತು. ಅವನು ನನ್ನ ತೋಳು ಹಿಡಿದ.

“ನಡೀ ಯವ್ವಾ, ಆ ಕಡೆ ಹೋಗೂಣು.”

“ಯಾಕಪ್ಪಾ?”

“ಗಾಳಿ ನನ್ನ ಕಡಿಂದ ಆಕಿ ಕಡೆ ಬೀಸಾಕತ್ತೈತಿ. ನನ್ನ ವಾಸನಿ ಬರಾಕತ್ತಿದ್ರ ಆಕಿ ಹೋಗಂಗಿಲ್ಲ.”

“ಹೋಗದಿದ್ರ ಬಿಡು. ಮನಿಗೆ ಒಯ್ಯೂಣು.”

“ಒಯ್ದು? ಎರಡು ವರ್ಷ ಗೂಟಕ್ಕ ನಿಂತು ಆಕಿ ಕಾಲು ಬಾತಾವ. ಓಡೂ ಪ್ರಾಣಿ ಅದು. ನನಗ ಕಣ್ಣು ಹೋದ್ರ ಆಕೀದೇನು ತಪ್ಪ?”

ಕಬ್ಬಿನ ಹಾಲಿನ ಅಂಗಡಿಯ ಹಿಂದೆ, ಗಾಣದ ಸದ್ದಿನಲ್ಲಿ, ಮೈದಾನಕ್ಕೆ ಬೆನ್ನು ಮಾಡಿ ನಿಂತೆವು. ಅಲ್ಲಿಂದ ನನಗೂ ಏನೂ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸೀಟಿ ಹೊಡೆದರು, ಜನ ಒಮ್ಮೆಲೇ ಎದ್ದು ಕೂಗಿದರು. ಗೊರಸುಗಳ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬಂತು. ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. “ಎಡಕ್ಕಿರೂದು ನಮ್ಮಾಕಿ,” ಎಂದ. ಆಮೇಲೆ ಮೈಕಿನವನು ಎರಡನೆಯ ನಂಬರು ಎಂದು ಸಿದ್ರಾಮನ ಹೆಸರು ಕೂಗಿದ. ಚಂದ್ರಿಯ ಹೆಸರು ಹೇಳಲಿಲ್ಲ.

ನಾವು ಹೋದಾಗ ಸಿದ್ರಾಮ ಅವಳ ಬೆವರು ಒರೆಸುತ್ತಿದ್ದ. ನಮ್ಮ ಕಡೆ ದನವನ್ನಾಗಲಿ ಕುದುರೆಯನ್ನಾಗಲಿ ಬೇರೆಯವರಿಗೆ ಕೊಡುವಾಗ ಕೊರಳ ಹಗ್ಗ ಕೊಡುವುದಿಲ್ಲ. ಹಗ್ಗ ಮನೆಗೆ ಮರಳಿದರೆ ಅದಕ್ಕೆ ಇನ್ನೊಂದು ಪ್ರಾಣಿ ಬರುತ್ತದೆ ಎಂಬ ನಂಬಿಕೆ. ಒಯ್ಯುವವನೇ ಹೊಸ ಹಗ್ಗ ತರಬೇಕು. ಸಿದ್ರಾಮನೂ ತಂದಿದ್ದ.

“ಮಾಮಾ, ನಿಮ್ಮ ಹಗ್ಗ ಬಿಚ್ಚಕೋರಿ.”

ಅಪ್ಪ ಚಂದ್ರಿಯ ಕೊರಳು ತಡವಿ ಗಂಟಿನ ಮೇಲೆ ಬೆರಳಿಟ್ಟ. ಬಿಚ್ಚಲಿಲ್ಲ. “ಇರ್ಲಿ ಬಿಡು. ಇದರ ಜೋಡಿನs ಒಯ್ಯಿ.”

“ಹಂಗ ಕೊಡಬಾರದೋ ಮಾರಾಯಾ,” ಎಂದ ಪಕ್ಕದಲ್ಲಿದ್ದ ಹಿರಿಯನೊಬ್ಬ. “ಕೊಟ್ಟಿಗಿ ಬರಿದಾಕ್ಕೈತಿ.”

“ಆಗ್ಲಿ,” ಎಂದ ಅಪ್ಪ.

ಮರಳುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅವ್ವನಿಗೆ ಫೋನು ಮಾಡಲೇ ಎಂದರೆ ಅಪ್ಪ ಬೇಡವೆಂದು ಕೈ ಅಲುಗಿಸಿದ.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮುಖ ನೋಡಲಿಲ್ಲ, ಅವನ ಹಿಂದಿನ ದಾರಿ ನೋಡಿದಳು. ಒಳಗೆ ಒಲೆಯ ಪಕ್ಕ ಬಕೆಟ್ಟಿನಲ್ಲಿ ಚಂದ್ರಿಯ ಕಡಲೆ ನೆನೆದು ಉಬ್ಬಿತ್ತು. ಓಡಲಾರಳು, ಬಂದೇ ಬರುತ್ತಾಳೆ ಎಂದು ಮಧ್ಯಾಹ್ನವೇ ನೆನೆಹಾಕಿದ್ದಳಂತೆ.

“ಇದನ್ನೇನ್ ಮಾಡ್ಲಿ ಈಗ?” ಎಂದಳು.

“ಒಗ್ಗರಣಿ ಕೊಡು,” ಎಂದ ಅಪ್ಪ. “ಉಸಳಿ ಮಾಡು. ತಿನ್ನೂಣು.”

ಅಂದು ರಾತ್ರಿ ತಿಂದೆವು, ಮರುದಿನ ಬೆಳಿಗ್ಗೆಯೂ ತಿಂದೆವು. ಮೂವರು ಮನುಷ್ಯರಿಂದ ಅದು ಮುಗಿಯಲಿಲ್ಲ.